ಬೆಣ್ಣೆ ಹೊತ್ತವನ ತಟ್ಟೆ: ಐರ್ಲೆಂಡಿನ ಹಡಗುಗಳಲ್ಲಿ ಲಾರಿ ಚಾಲಕರ ಊಟ

ಅನ್ನವೋ ಚಿಪ್ಸೋ ಎಂದು ಕೌಂಟರಿನ ಹುಡುಗಿ ಕೇಳಿದರೆ ಇಲ್ಲಿನ ಚಾಲಕರು "ಅರ್ಧ ಅರ್ಧ" ಎನ್ನುತ್ತಾರೆ. ಆಗ ಅವಳು ತಟ್ಟೆಯ ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಬೆರಳು ಗಾತ್ರದ ಕರಿದ ಆಲೂಗಡ್ಡೆ ಹಾಕಿ, ಎರಡರ ನಡುವಿನ ಗಡಿಯ ಮೇಲೆ ಚಿಕನ್ ಕರಿ ಸುರಿಯುತ್ತಾಳೆ. ಡಬ್ಲಿನ್‌ನಿಂದ ವೇಲ್ಸ್‌ನ ಹೋಲಿಹೆಡ್‌ಗೆ ಹೋಗುವ ಹಡಗಿನಲ್ಲಿ ಇದನ್ನು ಮೊದಲ ಸಲ ನೋಡಿದ ದಿನ ನನಗೆ ನಗು ಬಂದಿತ್ತು. ಅನ್ನಕ್ಕೆ ಆಲೂಗಡ್ಡೆ ಪಲ್ಯ ಮಾಡಿಕೊಳ್ಳುವವರು ನಾವು. ಆಲೂಗಡ್ಡೆಯನ್ನೇ ಎರಡನೆಯ ಅನ್ನ ಮಾಡಿಕೊಂಡವರನ್ನು ಕಂಡದ್ದು ಅಲ್ಲೇ.

ಈಗ ಆ ಕರಿಯ ವಿಷಯ. ಬಣ್ಣ ನಮ್ಮ ಮಜ್ಜಿಗೆ ಹುಳಿಯದು, ರುಚಿ ಯಾವುದರದೂ ಅಲ್ಲ. ಒಗ್ಗರಣೆ ಇಲ್ಲ, ಕರಿಬೇವಿಲ್ಲ, ಹುಳಿಯಿಲ್ಲ. ಖಾರ ಇದೆಯೆಂಬುದನ್ನು ಪಕ್ಕದ ಮೇಜಿನವರು ನೀರು ಕುಡಿಯುವುದನ್ನು ನೋಡಿ ತಿಳಿದುಕೊಳ್ಳಬೇಕು. ಹಿಟ್ಟು ಕದಡಿ ಗಟ್ಟಿ ಮಾಡಿದ ಸಾರು, ಅದರೊಳಗೆ ಸಾಬೂನಿನ ಬಿಲ್ಲೆಯಂತೆ ನಾಲ್ಕೂ ಕಡೆ ಸಮನಾಗಿ ಕತ್ತರಿಸಿದ ಕೋಳಿಯ ಎದೆಯ ತುಂಡುಗಳು, ಅರ್ಧ ಬೆಂದ ಈರುಳ್ಳಿ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಿಹಿ ಉಳಿಯುತ್ತದೆ. ಅದು ಏಕೆ ಅಲ್ಲಿದೆ ಎಂದು ಇವತ್ತಿಗೂ ಅರ್ಥವಾಗಿಲ್ಲ. ಆದರೆ ಸತ್ಯ ಹೇಳಬೇಕಲ್ಲ. ಒಂದು ಜನವರಿಯ ರಾತ್ರಿ ಎರಡರ ಹಡಗು ಹತ್ತಿ, ಮಳೆಯಲ್ಲಿ ನೆನೆದ ಜಾಕೆಟ್ಟನ್ನು ಕುರ್ಚಿಗೆ ಹಾಕಿ, ಆ ಹಳದಿ ಸಾರಿನಲ್ಲಿ ಚಿಪ್ಸ್ ಅದ್ದಿ ಬಾಯಿಗಿಟ್ಟೆ. ಅಂದಿನಿಂದ ನಾನೂ ಅರ್ಧ ಅರ್ಧದವನೇ. ಹತ್ತಕ್ಕೆ ಆರು ಅಂಕ ಕೊಡುತ್ತೇನೆ. ಮೂರು ಕರಿಗೆ, ಮೂರು ಅದರ ಬಿಸಿಗೆ.

ನನ್ನ ಊರು ಸುರತ್ಕಲ್ ಹತ್ತಿರ. ಹದಿನಾಲ್ಕು ವರ್ಷ ನವಮಂಗಳೂರು ಬಂದರಿನಿಂದ ಶಿರಾಡಿ ಘಾಟಿ ಹತ್ತಿಸಿ ಹಾಸನ, ಬೆಂಗಳೂರಿಗೆ ಹತ್ತು ಚಕ್ರದ ಲಾರಿ ಓಡಿಸಿದವನು. ಹೆಂಡತಿಗೆ ಐರ್ಲೆಂಡಿನ ಡ್ರಾಹೆಡ ಊರಿನಲ್ಲಿ ನರ್ಸ್ ಕೆಲಸ ಸಿಕ್ಕಿತು, ಹಿಂದೆಯೇ ನಾನೂ ಬಂದೆ. ನಮ್ಮ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಶಿರಾಡಿಯ ತಿರುವುಗಳಲ್ಲಿ ಹತ್ತಾರು ಟನ್ ಇಳಿಸಿದವನು ಮೊದಲು ಪುಟ್ಟ ಕಾರಿನ ಪರೀಕ್ಷೆ, ಆಮೇಲೆ ಲಾರಿಯದು, ಕೊನೆಗೆ ಟ್ರೇಲರಿನದು ಎಂದು ಒಂದನೆಯ ತರಗತಿಯಿಂದ ಓದಬೇಕಾಯಿತು. 2021ರಿಂದ ತಣ್ಣನೆಯ ಪೆಟ್ಟಿಗೆಯ ಟ್ರೇಲರ್ ಎಳೆಯುತ್ತಿದ್ದೇನೆ. ಹೋಗುವಾಗ ಹೆಚ್ಚಾಗಿ ಐರ್ಲೆಂಡಿನ ಬೆಣ್ಣೆ, ಬರುವಾಗ ಸಿಕ್ಕಿದ ಹಣ್ಣು ತರಕಾರಿ. ದ್ವೀಪದಿಂದ ಹೊರಗೆ ಹೋಗಲು ಹಡಗು ಬಿಟ್ಟರೆ ದಾರಿಯಿಲ್ಲ. ಹೀಗಾಗಿ ವಾರಕ್ಕೆ ಎರಡು ಸಲವಾದರೂ ನನ್ನ ಊಟ ನೀರಿನ ಮೇಲೆ. ಇಲ್ಲಿಗೆ ಬರಲು ಹೊರಟ ಊರಿನ ಹುಡುಗರು ಫೋನ್ ಮಾಡಿ ಮೊದಲು ಸಂಬಳ ಕೇಳುತ್ತಾರೆ, ಎರಡನೆಯ ಪ್ರಶ್ನೆ ಊಟದ್ದೇ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಹಡಗಿನ ಕಂಪನಿಗಳ ಹೆಸರು ಹಾಕುವುದಿಲ್ಲ. ನಮ್ಮ ಮಾಲೀಕರು ಟಿಕೆಟ್ ಕೊಳ್ಳುವುದು ಅವರಲ್ಲೇ, ನಾನು ನಾಳೆ ಹತ್ತಬೇಕಾದದ್ದೂ ಅವರ ಹಡಗನ್ನೇ.

ಪುಕ್ಕಟೆ ಊಟವಂತೆ ಎಂದು ಊರಿನಲ್ಲಿ ಹೇಳಿಕೊಳ್ಳುತ್ತಾರೆ. ಪುಕ್ಕಟೆಯಲ್ಲ. ಲಾರಿಗೆ ತೆಗೆದ ಟಿಕೆಟ್ಟಿನಲ್ಲಿ ಚಾಲಕನ ಊಟವೂ ಸೇರಿರುತ್ತದೆ. ಬಂದರಿನ ಗೇಟಿನಲ್ಲಿ ಕೊಟ್ಟ ಚೀಟಿಯನ್ನೋ ಕಾರ್ಡನ್ನೋ ಕೌಂಟರಿನಲ್ಲಿ ತೋರಿಸಿದರೆ ಒಂದು ಮುಖ್ಯ ತಿನಿಸು, ಒಂದು ಸಿಹಿ ಅಥವಾ ಸೂಪು, ಕುಡಿಯಲು ಏನಾದರೊಂದು. ಪ್ರವಾಸಿಗರ ಸಾಲಿನಲ್ಲಿ ಇದೇ ತಟ್ಟೆಗೆ ಹದಿನೈದು ಹದಿನಾರು ಯೂರೋ ಕೊಡುವುದನ್ನು ನೋಡಿದ್ದೇನೆ. ಹಣ ಯಾರದೋ ಜೇಬಿನಿಂದ ಹೋಗಿದೆ ಎಂದ ಮೇಲೆ ಗಿರಾಕಿಯಂತೆ ಕೂತು ಗಿರಾಕಿಯಂತೆಯೇ ತಕರಾರು ತೆಗೆಯುವುದರಲ್ಲಿ ತಪ್ಪೇನಿಲ್ಲ.

ಹೊಸಬರು ತಿಳಿದಿರಬೇಕಾದ ಇನ್ನೊಂದು ಸಂಗತಿ: ಹಡಗು ಹೊರಟ ಮೇಲೆ ವಾಹನಗಳ ಡೆಕ್ಕಿಗೆ ಯಾರನ್ನೂ ಬಿಡುವುದಿಲ್ಲ. ಲಾರಿಯ ಕ್ಯಾಬಿನ್ನಿನಲ್ಲಿ ಬುತ್ತಿ ಬಿಟ್ಟು ಮೇಲೆ ಬಂದಿರೋ, ಕೆಟ್ಟಿರಿ. ಟ್ರೇಲರಿನ ಶೀತಯಂತ್ರಕ್ಕೆ ಹಡಗಿನ ಕರೆಂಟು ಸಿಕ್ಕಿಸಿದ್ದಾರೆಯೇ ನೋಡುವುದು, ಹ್ಯಾಂಡ್‌ಬ್ರೇಕ್ ಎಳೆಯುವುದು, ಓಡಿಸಿದ ಹೊತ್ತು, ವಿಶ್ರಾಂತಿಯ ಹೊತ್ತು ಬರೆದಿಡುವ ಟ್ಯಾಕೋಗ್ರಾಫ್ ಯಂತ್ರದಲ್ಲಿ ಹಡಗಿನ ಗುರುತು ಒತ್ತುವುದು, ಡಬ್ಬಿ ಎತ್ತಿಕೊಳ್ಳುವುದು. ಈ ಕ್ರಮ ನನ್ನ ಕೈಗೆ ಬಂದದ್ದು ಎರಡು ಸಲ ಉಪವಾಸ ಕೂತ ಮೇಲೆ.

ಬೆಳಗಿನ ಎಂಟರ ಹಡಗಿನಲ್ಲಿ ಊಟವೆಂದರೆ ಐರಿಶ್ ಉಪಾಹಾರ. ಹಂದಿಮಾಂಸದ ಪಟ್ಟಿ ಎರಡು, ಸಾಸೇಜ್ ಎರಡು, ಮೊಟ್ಟೆ, ಅರ್ಧ ಟೊಮೇಟೊ, ಅಣಬೆ, ಸಿಹಿ ಸಾರಿನಲ್ಲಿ ಮುಳುಗಿದ ಬಿಳಿ ಬೀನ್ಸ್ ಕಾಳು, ತುರಿದ ಆಲೂಗಡ್ಡೆಯ ವಡೆ, ಇವುಗಳ ಜೊತೆಗೆ ಬಿಲ್ಲೆಯಂತೆ ಕತ್ತರಿಸಿದ ಎರಡು ಕಪ್ಪು ತುಂಡು. ಮೊದಲ ವಾರ ಆ ಕಪ್ಪು ತುಂಡಿನ ಹೆಸರು ಕೇಳಿದೆ, "ಬ್ಲ್ಯಾಕ್ ಪುಡ್ಡಿಂಗ್" ಎಂದರು. ಪುಡ್ಡಿಂಗ್ ಎಂದರೆ ನಮಗೆ ಮದುವೆಯ ರಿಸೆಪ್ಷನ್ನಿನಲ್ಲಿ ಕೊನೆಗೆ ಬರುವ ಸಿಹಿ. ಬೆಳಗಿನ ತಿಂಡಿಗೇ ಚಾಕೊಲೇಟ್ ಕೊಡುತ್ತಾರಲ್ಲ, ದೊಡ್ಡ ಮನಸ್ಸು ಎಂದುಕೊಂಡು ಕೊನೆಗೆ ತಿನ್ನಲು ಎತ್ತಿಟ್ಟೆ. ಅರ್ಧ ಕಡಿದ ಮೇಲೆ ಎದುರಿನ ಮುದುಕ ಚಾಲಕ ಹೇಳಿದ, ಅದು ಹಂದಿಯ ರಕ್ತಕ್ಕೆ ಓಟ್ಸ್ ಸೇರಿಸಿ ಬೇಯಿಸಿದ್ದು ಎಂದು. ಉಳಿದರ್ಧವನ್ನು ಅವನ ತಟ್ಟೆಗೆ ದಾಟಿಸಿದೆ. ಅವನಿಗೆ ಅದು ಹಬ್ಬ. ಈಗ ಆ ಹಡಗಿನಲ್ಲಿ ನಾವಿಬ್ಬರೂ ಸಿಕ್ಕಿದರೆ ಮಾತಿಲ್ಲದೆ ವ್ಯಾಪಾರ ನಡೆಯುತ್ತದೆ: ನನ್ನ ಕಪ್ಪು ತುಂಡು ಅವನಿಗೆ, ಅವನ ಅಣಬೆ ನನಗೆ.

ಈ ತಟ್ಟೆಯಲ್ಲಿ ನಾನು ಮನಸ್ಸಾರೆ ಹೊಗಳುವುದು ಎರಡನ್ನು. ಒಂದು ಸೋಡಾ ಬ್ರೆಡ್. ಯೀಸ್ಟ್ ಇಲ್ಲದೆ ಮಜ್ಜಿಗೆ ಮತ್ತು ಅಡುಗೆ ಸೋಡಾದಿಂದ ಉಬ್ಬಿಸಿದ ಕಂದು ರೊಟ್ಟಿ. ಕೈಯಲ್ಲಿ ಮುರಿದರೆ ಪುಡಿಪುಡಿ, ಬಾಯಲ್ಲಿ ಗೋಧಿಯ ಹೊಟ್ಟಿನ ಒರಟು. ಇನ್ನೊಂದು ಚಹಾ. ಐರ್ಲೆಂಡಿನವರ ಚಹಾ ಕಡುಕಪ್ಪು, ಹಾಲು ಹಾಕಿದ ಮೇಲೂ ಇಟ್ಟಿಗೆಯ ಬಣ್ಣ ಬಿಡುವುದಿಲ್ಲ. ಯುರೋಪಿನ ಉಳಿದ ಕಡೆ ಬೆಚ್ಚಗಿನ ನೀರಿನಲ್ಲಿ ದಾರ ಕಟ್ಟಿದ ಚೀಲ ತೇಲಿಬಿಡುತ್ತಾರೆ, ಅದಕ್ಕೆ ಚಹಾ ಎನ್ನುವುದು ಅವರ ಧೈರ್ಯ.

ಬೆಣ್ಣೆಯ ಮಾತೂ ಇಲ್ಲೇ ಬಂದುಹೋಗಲಿ. ರೊಟ್ಟಿಯ ಜೊತೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಒಂದು ಚೂರು ಬೆಣ್ಣೆ ಕೊಡುತ್ತಾರೆ, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಇನ್ನೊಂದು ಕೊಡಿ ಎಂದೆ. ಒಬ್ಬರಿಗೆ ಒಂದೇ ಎಂದಳು. ಮೂರು ಮಹಡಿ ಕೆಳಗೆ ನನ್ನ ಟ್ರೇಲರಿನಲ್ಲಿ 22 ಟನ್ ಬೆಣ್ಣೆ ನಿಂತಿತ್ತು, ಸೀಲು ಹಾಕಿಕೊಂಡು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಗಾದೆ ನೆನಪಾಯಿತು. ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದೂ ಅಲೆಯುವವನು ನಾನು.

ಕರಾವಳಿಯವನಾದ್ದರಿಂದ ಮೀನಿನ ವಿಷಯದಲ್ಲಿ ನನಗೆ ಕ್ಷಮೆ ಕಡಿಮೆ. ಹಿಟ್ಟಿನಲ್ಲಿ ಅದ್ದಿ ಕರಿದ ಕಾಡ್ ಅಥವಾ ಹ್ಯಾಡಕ್ ಮೀನು ಹೆಚ್ಚು ಕಡಿಮೆ ಎಲ್ಲ ಹಡಗಿನಲ್ಲೂ ಸಿಗುತ್ತದೆ. ಅಂಗೈ ಅಗಲ, ಮುಳ್ಳಿಲ್ಲ, ಮುರಿದರೆ ಬಿಳಿ ಎಸಳು ಎಸಳಾಗಿ ಬಿಡುತ್ತದೆ. ಬಂಗುಡೆಯ ಎಣ್ಣೆಯ ಸೊಗಸು ಇದಕ್ಕೆ ಬರುವುದಿಲ್ಲ, ಇದು ಸೌಮ್ಯ ಜಾತಿ. ಬಾಣಲೆಯಿಂದ ನೇರ ತಟ್ಟೆಗೆ ಬಂದರೆ ಮೇಲಿನ ಹಿಟ್ಟು ನಮ್ಮ ಮೆಣಸಿನಕಾಯಿ ಬಜ್ಜಿಯ ಹಾಗೆ ಕರಕರ ಎನ್ನುತ್ತದೆ. ಕೌಂಟರಿನ ಬಿಸಿ ದೀಪದ ಕೆಳಗೆ ಇಪ್ಪತ್ತು ನಿಮಿಷ ಕೂತಿತೋ, ಕೆಳಬದಿ ಒದ್ದೆ ರಟ್ಟು. ಆದ್ದರಿಂದ ಮೀನು ಬೇಕಾದವರು ದೀಪದ ಕೆಳಗೆ ಎಷ್ಟು ತುಂಡು ಇವೆ ಎಂದು ಮೊದಲು ಎಣಿಸಿ. ಒಂದೇ ಉಳಿದಿದ್ದರೆ ಹಿಂದಿನವರನ್ನು ಮುಂದೆ ಬಿಡಿ, ಹೊಸ ತಟ್ಟೆ ಬರುತ್ತದೆ. ಜೊತೆಗೆ ಕೊಡುವ ಹಸಿರು ಬಟಾಣಿಯ ಮುದ್ದೆಗೆ ಉಪ್ಪೂ ಇಲ್ಲ, ಮಾನವೂ ಇಲ್ಲ. ನಾನು ಜೇಬಿನಲ್ಲಿಟ್ಟ ಚಟ್ನಿಪುಡಿ ಉದುರಿಸಿ ಅದನ್ನು ಉದ್ಧಾರ ಮಾಡುತ್ತೇನೆ.

ಸಸ್ಯಾಹಾರಿಗಳಿಗೆ ಒಂದೇ ಮಾತು: ಹೊಟ್ಟೆ ತುಂಬುತ್ತದೆ, ಮನಸ್ಸು ತುಂಬುವುದಿಲ್ಲ. ಚೀಸ್ ಹಾಕಿದ ಮ್ಯಾಕರೋನಿ ಇರುತ್ತದೆ, ಇಲ್ಲವೇ ತರಕಾರಿ ಲಸಾನ್ಯ. ಉಳಿದಂತೆ ಆಲೂಗಡ್ಡೆ. ಒಂದು ಭಾನುವಾರ ಒಂದೇ ಕೌಂಟರಿನಲ್ಲಿ ಬೇಯಿಸಿದ್ದು, ಹುರಿದದ್ದು, ಅರೆದದ್ದು, ಕರಿದದ್ದು ಎಂದು ನಾಲ್ಕು ಅವತಾರ ಎಣಿಸಿದ್ದೇನೆ.

ಐರಿಶ್ ಸಮುದ್ರ ಚಳಿಗಾಲದಲ್ಲಿ ಎದ್ದರೆ ಇದೆಲ್ಲ ವಿಮರ್ಶೆ ಗಾಳಿಗೆ ಹೋಗುತ್ತದೆ. ಸೂಪು ಕೊಡುವುದನ್ನು ಮೊದಲು ನಿಲ್ಲಿಸುತ್ತಾರೆ. ತಟ್ಟೆ ಜಾರದಂತೆ ಮೇಜಿನ ಮೇಲೆ ಅಂಟಂಟು ರಬ್ಬರಿನ ಹಾಸು ಬರುತ್ತದೆ. ಕೆಳಗೆ ಲಾರಿಗಳನ್ನು ಸರಪಳಿಯಲ್ಲಿ ಬಿಗಿದಿರುತ್ತಾರೆ. ಆ ಸರಪಳಿ ಜಗ್ಗುವ ಸದ್ದು ಮೆಟ್ಟಿಲಿನವರೆಗೂ ಕೇಳುತ್ತದೆ. ಅಂಥ ದಿನ ಪಳಗಿದವರು ಏನು ತಿನ್ನುತ್ತಾರೆ ಎಂದು ನೋಡಿ ಕಲಿತೆ: ಒಣ ಟೋಸ್ಟು, ಶುಂಠಿ ಬಿಸ್ಕತ್ತು, ಸೇಬು. ಶುಂಠಿಯ ಗುಣವನ್ನು ನಮ್ಮ ಅಜ್ಜಿಗೂ ಈ ಐರಿಶ್ ನಾವಿಕರಿಗೂ ಒಬ್ಬರೇ ಹೇಳಿಕೊಟ್ಟಿರಬೇಕು. 2024ರ ಡಿಸೆಂಬರಿನಲ್ಲಿ ಡರಾ ಎಂಬ ಬಿರುಗಾಳಿ ಹೋಲಿಹೆಡ್‌ನಲ್ಲಿ ಹಡಗು ಕಟ್ಟುವ ಜಾಗವನ್ನೇ ಹಾಳುಮಾಡಿತು. 2025ರ ಜನವರಿ 16ರವರೆಗೆ ಅಲ್ಲಿಗೆ ಫೆರಿ ಇರಲಿಲ್ಲ. ಕ್ರಿಸ್‌ಮಸ್ ಮುಂದಿನ ಆ ದಿನಗಳಲ್ಲಿ ಎಲ್ಲ ಲಾರಿಗಳೂ ಬೇರೆ ದಾರಿಯ ಹಡಗುಗಳಿಗೆ ಮುಗಿಬಿದ್ದವು. ಹಾಗೆ ಹತ್ತಿದ ಒಂದು ಬದಲಿ ಹಡಗಿನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ತಟ್ಟೆಯಲ್ಲಿ ಬೇಯಿಸಿದ ಎಲೆಕೋಸು ಮತ್ತು ಗ್ರೇವಿ ಮಾತ್ರ ಉಳಿದಿದ್ದವು. ಬಡಿಸುವವನ ಕಣ್ಣು ನನಗಿಂತ ಕೆಂಪಾಗಿತ್ತು. ಜಗಳ ಮಾಡಲು ಮನಸ್ಸಾಗಲಿಲ್ಲ.

ಹೋಲಿಹೆಡ್‌ನಲ್ಲಿ ಇಳಿದು, ವೇಲ್ಸ್ ಮತ್ತು ಇಂಗ್ಲೆಂಡನ್ನು ಅಡ್ಡ ಹಾಯ್ದು ಸುಮಾರು 600 ಕಿಲೋಮೀಟರ್ ಓಡಿಸಿದರೆ ಡೋವರ್. ಅಲ್ಲಿಂದ ಫ್ರಾನ್ಸಿನ ಕ್ಯಾಲೆಗೆ ಒಂದೂವರೆ ಗಂಟೆಯ ಹಡಗು. ನಮ್ಮ ಟ್ಯಾಕೋಗ್ರಾಫಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಬೇಕು. ಅದನ್ನು ಈ ಹಡಗಿನಲ್ಲೇ ಮುಗಿಸಿಕೊಳ್ಳುವುದು ಎಲ್ಲರ ಲೆಕ್ಕ. ಲೆಕ್ಕ ಕಾಗದದಲ್ಲಿ ಚೆನ್ನಾಗಿದೆ. ಲಾರಿ ನಿಲ್ಲಿಸಿ ಮೆಟ್ಟಿಲು ಹತ್ತುವುದಕ್ಕೆ ಹತ್ತು ನಿಮಿಷ, ಚಾಲಕರು ವಾಹನಕ್ಕೆ ಮರಳಿ ಎಂಬ ಘೋಷಣೆ ದಡ ಸೇರುವ ಮುಂಚೆಯೇ. ಮಧ್ಯೆ ಸಿಗುವುದು ಒಂದು ಗಂಟೆ, ಅದರಲ್ಲಿ ಸಾಲು, ಊಟ, ಶೌಚಾಲಯ, ಮನೆಗೆ ಫೋನು. ಆ ಹಡಗುಗಳ ಊಟ ಕೆಟ್ಟದ್ದೇನಲ್ಲ. ಹುರಿದ ಮಾಂಸ, ಸಲಾಡು, ಒಳ್ಳೆಯ ರೊಟ್ಟಿ ಇರುತ್ತವೆ. ಆದರೆ ಗಡಿಯಾರ ನೋಡುತ್ತ ತಿಂದ ಊಟದ ರುಚಿ ಯಾರಿಗೆ ನೆನಪಿರುತ್ತದೆ? ಶಿರಾಡಿಯಲ್ಲಿ ರಸ್ತೆ ಬಂದ್ ಆಗಿ ಗುಂಡ್ಯದ ಹೋಟೆಲಿನಲ್ಲಿ ಕೂತು ತಿಂದ ಪರೋಟ ನೆನಪಿದೆ, ಕ್ಯಾಲೆ ಹಡಗಿನ ನೂರು ಊಟದಲ್ಲಿ ಒಂದೂ ನೆನಪಿಲ್ಲ.

ಅಲ್ಲಿ ನೆನಪಿರುವುದು ತಿಂದದ್ದಲ್ಲ, ತಿನ್ನದೆ ಬಿಟ್ಟದ್ದು. ಬ್ರಿಟನ್ ಯುರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ ಮೇಲೆ, 2021ರ ಜನವರಿ 1ರಿಂದ, ಬ್ರಿಟನ್ನಿನ ಕಡೆಯಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥವನ್ನು ಸ್ವಂತ ಬುತ್ತಿಯಲ್ಲೂ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಆ ಜನವರಿಯಲ್ಲೇ ಹಾಲೆಂಡಿನ ಬಂದರಿನಲ್ಲಿ ಅಧಿಕಾರಿಗಳು ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ಟೀವಿಯಲ್ಲೆಲ್ಲ ಬಂದಿತ್ತು. ನಾವು ನಕ್ಕಿದ್ದೆವು. ಮೊಸರನ್ನವೂ ಹಾಲಿನ ಪದಾರ್ಥವೇ ಎಂಬುದು ಹೊಳೆದದ್ದು ಡೋವರ್‌ನ ಸಾಲಿನಲ್ಲಿ ನಿಂತಾಗ. ಡಬ್ಬಿಯಲ್ಲಿ ಹೆಂಡತಿ ಕಲಸಿಕೊಟ್ಟದ್ದಿತ್ತು: ಕುಚ್ಚಲಕ್ಕಿ ಅನ್ನ, ಮೊಸರು, ಒಣಮೆಣಸಿನ ಒಗ್ಗರಣೆ, ಸಣ್ಣಗೆ ಹೆಚ್ಚಿದ ಶುಂಠಿ. ಟ್ರೇಲರಿನ 22 ಟನ್ ಬೆಣ್ಣೆಗೆ ಕಾಗದಪತ್ರ ಇತ್ತು, ಅದು ದಾಟುತ್ತದೆ. ಆರು ಚಮಚ ಮೊಸರಿಗೆ ಕಾಗದಪತ್ರ ಇರಲಿಲ್ಲ. ದಾಟುವ ಮೊದಲೇ ಮುಗಿಸಿಬಿಡೋಣವೆಂದು ಅರ್ಧ ಡಬ್ಬಿ ಗಬಗಬನೆ ತಿಂದೆ. ಅಷ್ಟರಲ್ಲಿ ಸಾಲು ಕದಲಿತು. ಉಳಿದದ್ದನ್ನು ಬಂದರಿನ ಕಸದ ತೊಟ್ಟಿಗೆ ಹಾಕಿದೆ. ಅನ್ನ ಚೆಲ್ಲುವ ಮನೆಯಲ್ಲಿ ಬೆಳೆದವನಲ್ಲ ನಾನು. ಡಬ್ಬಿಯನ್ನು ಹಡಗಿನ ನಲ್ಲಿಯಲ್ಲಿ ತೊಳೆದು, ಅವರ ಮ್ಯಾಕರೋನಿ ತಿನ್ನುತ್ತ ಕೂತಾಗ ಅದರ ಮೇಲಿನ ಚೀಸ್ ನೋಡಿ ಸಿಟ್ಟು ಬಂತು. ಅದು ಹಡಗಿನವರ ಚೀಸ್, ಅದಕ್ಕೆ ಅಡ್ಡಿಯಿಲ್ಲ.

ನಾನು ಹೆಚ್ಚು ಅಂಕ ಕೊಡುವ ಹಡಗು ಬೇರೆ ಇದೆ. ಐರ್ಲೆಂಡಿನ ಆಗ್ನೇಯ ಮೂಲೆಯ ರಾಸ್ಲೇರ್ ಬಂದರಿನಿಂದ ಹೊರಟು, ಬ್ರಿಟನ್ನಿನ ನೆಲ ಮುಟ್ಟದೆ, ಇಂಗ್ಲೆಂಡಿನ ಮೂಲೆ ಬಳಸಿಕೊಂಡು ನೇರ ಫ್ರಾನ್ಸಿನ ಡಂಕರ್ಕ್ ಸೇರುವ ಹಡಗು. ಬ್ರಿಟನ್ ಹೊರಬಿದ್ದ ಮರುದಿನಗಳಲ್ಲೇ, 2021ರ ಜನವರಿಯಲ್ಲಿ, ಶುರುವಾದ ದಾರಿ ಇದು. ಸುಮಾರು 24 ಗಂಟೆಯ ಪ್ರಯಾಣ. ಕಾರಿನವರು ಕಡಿಮೆ, ನಾವೇ ಹೆಚ್ಚು. ನಮ್ಮ 11 ಗಂಟೆಯ ದಿನದ ವಿಶ್ರಾಂತಿ ಇದರೊಳಗೆ ನಿರಾಯಾಸವಾಗಿ ಕೂರುತ್ತದೆ. ಅದಕ್ಕೆ ಮಲಗಲು ಹಾಸಿಗೆ ಇರಲೇಬೇಕೆಂದು ನಿಯಮ; ಮಂಚವೂ ಬಿಸಿನೀರಿನ ಸ್ನಾನವೂ ಇರುವ ಕೋಣೆ ಸಿಗುತ್ತದೆ. ರಾತ್ರಿಯೂಟ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಮೂರನ್ನೂ ಇಲ್ಲಿ ಸ್ನಾನ ಮಾಡಿ, ಚಪ್ಪಲಿ ಹಾಕಿಕೊಂಡು ಹೋಗಿ ತಿನ್ನಬಹುದು. ಲಾರಿ ಓಡಿಸುವವರಿಗೆ ಮಾತ್ರ ಇದರ ಬೆಲೆ ಗೊತ್ತು. ಎದ್ದ ಮೇಲೆ ಓಡಿಸಬೇಕಾದ ಗಾಡಿ ಇಲ್ಲದ ಊಟ ನಮಗೆ ಮನೆಯಲ್ಲೂ ಅಪರೂಪ.

ಅಡುಗೆ ಸಾದಾ. ಬೇಯಿಸಿದ ಮೀನು, ಹುರಿದ ಕೋಳಿ, ಕ್ಯಾರೆಟ್, ಒಂದು ದೊಡ್ಡ ಪಾತ್ರೆಯಲ್ಲಿ ದಪ್ಪ ತರಕಾರಿ ಸೂಪು. ಕೇಳಿದರೆ ಎರಡನೆಯ ಸಲ ಬಡಿಸುತ್ತಾರೆ, ಮುಖ ಗಂಟಿಕ್ಕದೆ. ಬೆಣ್ಣೆಯನ್ನು ಬಟ್ಟಲಿನಲ್ಲಿ ಇಟ್ಟುಬಿಟ್ಟಿರುತ್ತಾರೆ. ಎಷ್ಟು ತೆಗೆದುಕೊಂಡೆ ಎಂದು ಯಾರೂ ನೋಡುವುದಿಲ್ಲ. ಮೊದಲ ಸಲ ನಾನು ನಾಲ್ಕು ಚೂರು ಬಿಚ್ಚಿದೆ, ಹಸಿವಿಗಲ್ಲ, ಹಳೆಯ ಬಾಕಿಗೆ.

ಆ ಹಡಗಿನ ಒಂದು ಸಂಜೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಎದುರಿಗೆ ಕೂತವನು ರೊಮೇನಿಯಾದವನು, ಭುಜ ಬಾಗಿಲಿನಷ್ಟು ಅಗಲ. ನನ್ನ ಬಳಿ ಸಣ್ಣ ಬಾಟಲಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಮುಚ್ಚಳ ತೆರೆದ ಕೂಡಲೇ ಅವನ ಮೂಗು ಈ ಕಡೆ ತಿರುಗಿತು. ಒಂದು ಮಿಡಿ ಕೊಟ್ಟೆ. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಬೇಡ, ಸ್ವಲ್ಪ ಸ್ವಲ್ಪ ಎಂದು ನಾನು ಕೈ ಆಡಿಸುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಎರಡು ನಿಮಿಷ ಮಾತಿಲ್ಲ. ಆಮೇಲೆ ಗೊರಟನ್ನು ತಟ್ಟೆಯಂಚಿಗೆ ನೀಟಾಗಿ ಇಟ್ಟು, ಇನ್ನೊಂದಕ್ಕೆ ಕೈ ಚಾಚಿದ. ತನ್ನ ಚೀಲದಿಂದ ಹಳೆಯ ಜಾಮ್ ಬಾಟಲಿ ತೆಗೆದು ನನ್ನ ಕಡೆ ದೂಡಿದ. ಅವನ ತಾಯಿ ಮಾಡಿಕೊಟ್ಟದ್ದಂತೆ, ಹೆಸರು ಜಕುಸ್ಕ. ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದು, ಈರುಳ್ಳಿಯ ಜೊತೆ ಎಣ್ಣೆಯಲ್ಲಿ ಗಂಟೆಗಟ್ಟಲೆ ಬಾಡಿಸಿದ್ದು. ರೊಟ್ಟಿಗೆ ಹಚ್ಚಿ ಬಾಯಿಗಿಟ್ಟರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಹೊಗೆಯ ವಾಸನೆ! ಹಸಿಮೆಣಸು, ಹುಣಸೆಹಣ್ಣು ಇಲ್ಲ ಅಷ್ಟೆ. ಹಡಗಿನವರು ಕೊಟ್ಟ ಹುರಿದ ಕೋಳಿ ಇಬ್ಬರ ತಟ್ಟೆಯಲ್ಲೂ ತಣ್ಣಗಾಯಿತು. ಅವನಿಗೆ ಬಾಟಲಿಯಲ್ಲಿ ಉಳಿದ ಮಿಡಿಗಳನ್ನು ಕೊಟ್ಟುಬಿಟ್ಟೆ. ಅವನ ಬಾಟಲಿ ಈಗಲೂ ನಮ್ಮ ಅಡುಗೆಮನೆಯಲ್ಲಿದೆ, ಮೆಂತ್ಯ ತುಂಬಿಕೊಂಡು.

ಲಾರಿಯನ್ನು ಇನ್ನೊಂದು ವಾಹನದ ಮೇಲೆ ಹತ್ತಿಸಿ ತಾನು ಸುಮ್ಮನೆ ಕೂರುವುದು ನನಗೆ ಐರ್ಲೆಂಡಿನಲ್ಲೇ ಮೊದಲಲ್ಲ. ಕೊಂಕಣ ರೈಲ್ವೆ 1999ರಲ್ಲೇ ಲಾರಿಗಳನ್ನು ಗೂಡ್ಸ್ ವ್ಯಾಗನ್ನಿನ ಮೇಲೆ ಹೊರಲು ಶುರುಮಾಡಿತ್ತು. ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ವರೆಗೆ ನಾನೂ ನಾಲ್ಕಾರು ಸಲ ಹಾಗೆ ಹೋಗಿದ್ದೇನೆ. ಚಾಲಕ, ಕ್ಲೀನರ್ ಇಬ್ಬರೂ ತಮ್ಮ ಲಾರಿಯ ಕ್ಯಾಬಿನ್ನಿನಲ್ಲೇ ಕೂರಬೇಕು. ಊಟ ನಮ್ಮದೇ ಜವಾಬ್ದಾರಿ: ಸುರತ್ಕಲ್‌ನಲ್ಲಿ ಕಟ್ಟಿಸಿಕೊಂಡ ಮೀನೂಟದ ಪೊಟ್ಟಣ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಚಹಾ. ಒಮ್ಮೆ ಪೊಟ್ಟಣ ಬಿಚ್ಚಿ ಸಾರು ಸುರಿದುಕೊಳ್ಳುತ್ತಿದ್ದಾಗಲೇ ರೈಲು ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗಕ್ಕೆ ನುಗ್ಗಿತು. ಆರೂವರೆ ಕಿಲೋಮೀಟರ್ ಕತ್ತಲೆ, ಡೀಸೆಲ್ ಹೊಗೆ. ಗಾಜು ಏರಿಸಿ, ಬೆರಳಿನಿಂದಲೇ ಬಂಗುಡೆಯ ಮುಳ್ಳು ಹುಡುಕಿ ಬಿಡಿಸಿ ತಿಂದೆವು. ರುಚಿಗೆ ಅಂಕ ಕೊಡುವುದಾದರೆ ಆ ಪೊಟ್ಟಣಕ್ಕೇ ಒಂಬತ್ತು. ಆದರೆ ಕೈ ತೊಳೆಯಲು ನೀರಿನ ಬಾಟಲಿ, ಕಾಲು ಚಾಚಲು ಗೇರ್ ಲಿವರಿನ ಪಕ್ಕದ ಒಂದು ಅಡಿ. ರಾಸ್ಲೇರ್ ಹಡಗಿನ ಬಿಳಿ ತಟ್ಟೆಯ ಮುಂದೆ ಕೂತಾಗಲೆಲ್ಲ ನನಗೆ ಆ ಕ್ಲೀನರ್ ಹುಡುಗ ನೆನಪಾಗುತ್ತಾನೆ. ಅವನನ್ನು ಇಲ್ಲಿ ಒಂದು ಸಲ ಕೂರಿಸಬೇಕಿತ್ತು.

ಒಂದು ತಕರಾರು ಉಳಿದಿದೆ. ಹಿಂದೆ ಹೆಚ್ಚಿನ ಹಡಗುಗಳಲ್ಲಿ ಲಾರಿ ಚಾಲಕರಿಗೆಂದೇ ಬೇರೆ ಊಟದ ಕೋಣೆ ಇರುತ್ತಿತ್ತಂತೆ. ಇವತ್ತಿಗೂ ಕೆಲವು ಕಡೆ ಇದೆ. ಬಾಗಿಲಿಗೆ ಚಾಲಕರಿಗೆ ಮಾತ್ರ ಎಂಬ ಫಲಕ, ಒಳಗೆ ಮೌನ, ಒಂದು ಮೂಲೆಯಲ್ಲಿ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋದವನು. ಇನ್ನು ಕೆಲವು ಕಡೆ ಆ ಕೋಣೆಯನ್ನು ತೆಗೆದು, ಪ್ರವಾಸಿಗರ ಕ್ಯಾಂಟೀನಿನಲ್ಲೇ ನಮಗೂ ಕಾರ್ಡು ತೋರಿಸಿ ಎಂದುಬಿಟ್ಟಿದ್ದಾರೆ. ಊಟ ಅದೇ, ಬಹುಶಃ ಸ್ವಲ್ಪ ಮೇಲೇ. ಆದರೆ ಆಗಸ್ಟಿನ ಒಂದು ದಿನ ಎರಡು ಬಸ್ ತುಂಬ ಶಾಲೆಯ ಮಕ್ಕಳ ಹಿಂದೆ ಮೂವತ್ತೈದು ನಿಮಿಷ ನಿಂತೆ. ನನ್ನ ಸರದಿ ಬಂದಾಗ ಪಕ್ಕದ ತಾಯಿಯೊಬ್ಬಳು ತನ್ನ ಮಗುವನ್ನು ನನ್ನ ಹಳದಿ ಜಾಕೆಟ್ಟಿನಿಂದ ಸ್ವಲ್ಪ ಈಚೆಗೆ ಎಳೆದುಕೊಂಡಳು. ಡೀಸೆಲ್ ವಾಸನೆ ಬಂದಿರಬಹುದು, ಅವಳದೇನೂ ತಪ್ಪಿಲ್ಲ. ನಾನು ತಟ್ಟೆ ಎತ್ತಿಕೊಂಡು ಕಿಟಕಿಯ ಹತ್ತಿರದ ನಿಲ್ಲುವ ಮೇಜಿಗೆ ಹೋದೆ. ಆ ಹಡಗಿನ ಕುರಿಮಾಂಸದ ಸ್ಟ್ಯೂ ನಿಜಕ್ಕೂ ಚೆನ್ನಾಗಿತ್ತು. ನಾಲ್ಕೇ ಅಂಕ ಕೊಟ್ಟೆ.

ಈಗ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಒಂದು ಪ್ರಶ್ನೆ ಕಾಯಂ. ಆಸ್ಪತ್ರೆಯಿಂದ ಬಂದು, ಅನ್ನಕ್ಕೆ ಕುಕ್ಕರ್ ಇಟ್ಟು, ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾಳೆ, "ಈ ಸಲ ಯಾವ ಕಡೆಯಿಂದ ರೀ?" ಹೋಲಿಹೆಡ್ ಎಂದರೆ ಪುಳಿಯೋಗರೆ ಗೊಜ್ಜಿನ ಡಬ್ಬ ಕೆಳಗಿಳಿಯುತ್ತದೆ. ರಾಸ್ಲೇರ್ ಎಂದರೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಮೊಸರಿನ ಪಾತ್ರೆ. ಬಂದರಿನಿಂದ ಹಡಗು ಬದಲಾಯಿತೆಂಬ ಸಂದೇಶ ತಡವಾಗಿ ಬರುವುದೂ ಉಂಟು. ಕಳೆದ ವಾರ ಒಗ್ಗರಣೆ ಹಾಕಿ ಮುಚ್ಚಳ ಬಿಗಿದ ಮೇಲೆ ಬಂತು. ಮೊಸರನ್ನದ ಡಬ್ಬಿಯನ್ನು ಹಾಗೇ ಒಯ್ದು ಡಬ್ಲಿನ್ ಬಂದರಿನ ಗೇಟಿನ ಸಾಲಿನಲ್ಲಿ, ಸ್ಟೀರಿಂಗಿಗೆ ಆನಿಸಿಟ್ಟುಕೊಂಡು, ಪೂರ್ತಿ ತಿಂದು ಮುಗಿಸಿದೆ. ಹಡಗಿನಲ್ಲಿ ಅನ್ನವೋ ಚಿಪ್ಸೋ ಎಂದು ಹುಡುಗಿ ಕೇಳಿದಾಗ ಬರೀ ಚಹಾ ಸಾಕು ಎಂದೆ. ಊಟ ಟಿಕೆಟ್ಟಿನಲ್ಲೇ ಸೇರಿದೆಯಲ್ಲ ಎಂದು ಅವಳು ಮತ್ತೆ ಎರಡು ಸಲ ಕೇಳಿದಳು.